ಹಿಡಿಯೊಳಗಿನ ಹೆಸರು

ಕಳಸದ ಹತ್ತಿರ ನಮ್ಮ ಸೋದರಮಾವನ ಮನೆಗೆ ಕಳೆದ ಬೇಸಗೆಯಲ್ಲಿ ಹಂಚು ಬದಲಿಸಿದರು. ಅಟ್ಟದ ಮೇಲಿದ್ದುದೆಲ್ಲ ಅಂಗಳಕ್ಕೆ ಇಳಿಯಿತು: ಗಾಜು ಒಡೆದ ಲಾಟೀನು, ತಳ ತೂತಾದ ಕೊಳಗ, ಕಾಲು ಮುರಿದ ತೊಟ್ಟಿಲು, ಯಾವುದೋ ಕಾಲದ ಕಾಫಿ ಪಲ್ಪರಿನ ಹಲ್ಲುಚಕ್ರ. ಅವುಗಳ ನಡುವೆ ಗೋಣಿತಾಟಿನಲ್ಲಿ ಸುತ್ತಿ ಬಾಳೆನಾರಿನಲ್ಲಿ ಬಿಗಿದಿದ್ದ ಒಂದು ಕತ್ತಿ. ಬಿಚ್ಚಿದರೆ ಮರದ ಹಿಡಿ ಪುಡಿಪುಡಿಯಾಗಿ ಕೈಗೆ ಬಂತು. ಗೆದ್ದಲು ಅದನ್ನು ಯಾವಾಗಲೋ ತಿಂದು ಮುಗಿಸಿತ್ತು. ಉಳಿದದ್ದು ಅಲಗು, ಮತ್ತು ಹಿಡಿಯೊಳಗೆ ಕೂರುವ ಇಲಿಬಾಲದಂಥ ಮೊನೆ.

ಮಾವನ ಪಾಲಿಗೆ ಅದು ಗುಜರಿ. ನಾನು ಅಳತೆಪಟ್ಟಿ ಹಿಡಿದೆ. ಅಲಗಿನ ಉದ್ದ 34 ಸೆಂಟಿಮೀಟರ್. ಅಲ್ಲಿಗೆ ನನ್ನ ತಲೆಯೊಳಗೆ ಇನ್ನೊಂದು ಕತ್ತಿ ಬಂದು ಕೂತಿತು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜಪಾನಿನ ಸಾಮುರಾಯ್ ಕತ್ತಿಗಳಿವೆ. ಉದ್ದದ್ದು ಕತಾನಾ, ಅದರ ಜೊತೆಗಾರ ಗಿಡ್ಡ ಕತ್ತಿ ವಾಕಿಝಾಶಿ. ಜಪಾನಿನ ಹಳೆಯ ಅಳತೆ ಶಾಕು, ಅಂದರೆ 30.3 ಸೆಂಟಿಮೀಟರ್. ಒಂದು ಶಾಕುವಿಗಿಂತ ಕಿರಿದಾದದ್ದು ತಾಂತೋ ಎಂಬ ಬಾಕು; ಒಂದರಿಂದ ಎರಡು ಶಾಕು ಇದ್ದರೆ ವಾಕಿಝಾಶಿ; ಅದಕ್ಕೂ ಮೇಲಿನದು ಕತಾನಾ. ಲೆಕ್ಕ ಹಿಡಿದರೆ ನಮ್ಮ ಅಟ್ಟದ ಕತ್ತಿ ವಾಕಿಝಾಶಿಯ ಸಾಲಿಗೇ ಬರಬೇಕು. (ಕತ್ತಿ, ಕತಾನಾ ಎರಡೂ ಒಂದೇ ಮಾತಿನಿಂದ ಬಂದವೇ ಎಂದು ಕೇಳುವವರಿದ್ದಾರೆ. ಅಲ್ಲ. ಕಿವಿಗೆ ಹತ್ತಿರ, ಅಷ್ಟೇ.)

ಎರಡನ್ನೂ ಪಕ್ಕಪಕ್ಕ ಇಟ್ಟರೆ ನಗುವವರೇ ಹೆಚ್ಚು. ಒಂದು ಯೋಧನ ಸೊಂಟದ ಮಾನ, ಇನ್ನೊಂದು ತೋಟದ ನೆರಳುಮರಗಳ ಕೊಂಬೆ ಸವರಿ ಮರಗಸಿ ಮಾಡಲು, ಬೇಲಿಗೂಟ ಚೂಪು ಮಾಡಲು, ಹಲಸಿನಕಾಯಿ ಸೀಳಲು ಇಟ್ಟುಕೊಂಡ ಸಾಮಾನು. ಆದರೆ ವಾಕಿಝಾಶಿಯನ್ನು ಬರೀ ಯೋಧರು ಕಟ್ಟಿಕೊಂಡದ್ದಲ್ಲ. 1603ರಿಂದ 1868ರವರೆಗಿನ ಎದೋ ಕಾಲದಲ್ಲಿ ಉದ್ದ ಗಿಡ್ಡ ಜೋಡಿ ಕಟ್ಟುವ ಹಕ್ಕು ಸಾಮುರಾಯ್‌ಗಳದ್ದಾದರೂ, ಗಿಡ್ಡ ಕತ್ತಿಯನ್ನು ವ್ಯಾಪಾರಸ್ಥರೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಎರಡೂವರೆ ಶತಮಾನ ದೊಡ್ಡ ಯುದ್ಧಗಳಿಲ್ಲದೆ ಕಳೆದ ನಾಡಿನಲ್ಲಿ ಆ ಕತ್ತಿಗಳಲ್ಲಿ ಹೆಚ್ಚಿನವು ಯಾರನ್ನೂ ಕಡಿಯಲಿಲ್ಲ. ನಮ್ಮ ಕತ್ತಿಯಾದರೋ ದಿನವೂ ದುಡಿದದ್ದು.

ನನಗೆ ಬೇಕಾಗಿದ್ದದ್ದು ಹೋಲಿಕೆಯಲ್ಲ, ನೋಡುವ ಕ್ರಮ. ಕತ್ತಿಯನ್ನು ಓದುವುದು ಹೇಗೆಂದು ಜಪಾನಿನವರು ಆರೇಳು ನೂರು ವರ್ಷ ಕೂತು ಯೋಚಿಸಿದ್ದಾರೆ. ಅದೇ ಕಣ್ಣಿನಿಂದ ಮಲೆನಾಡಿನ ಕತ್ತಿಯನ್ನು ನೋಡಿದರೆ ಏನು ಕಾಣುತ್ತದೆ?

ಅವರು ಮೊದಲು ನೋಡುವುದು ಮೈಕಟ್ಟು. ಕತ್ತಿಯನ್ನು ನೆಟ್ಟಗೆ ನಿಲ್ಲಿಸಿ ಬಾಗು ಎಲ್ಲಿ ಶುರುವಾಗುತ್ತದೆ, ಬೆನ್ನು ಎಷ್ಟು ದಪ್ಪ, ತುದಿಗೆ ಹೋಗುತ್ತ ಎಷ್ಟು ಸಣ್ಣಗಾಗುತ್ತದೆ ಎಂದು ಗಮನಿಸುತ್ತಾರೆ. ಆಮೇಲೆ ಚರ್ಮ. ಉಕ್ಕನ್ನು ಕಾಯಿಸಿ, ಬಡಿದು, ಮಡಿಚಿ, ಮತ್ತೆ ಬಡಿದು ಹತ್ತು ಹದಿನೈದು ಸಲ ಮಡಿಕೆ ಹಾಕಿದಾಗ ಅದರ ಮೈಮೇಲೆ ಮರದ ಎಳೆಯಂಥ ಗೆರೆಗಳು ಏಳುತ್ತವೆ. ಹತ್ತು ಮಡಿಕೆಗೇ ಸಾವಿರದ ಇಪ್ಪತ್ನಾಲ್ಕು ಪದರ. ಹಲಗೆಯ ಎಳೆಯಂತಿದ್ದರೆ ಒಂದು ಹೆಸರು, ನೆಟ್ಟಗೆ ಓಡಿದ್ದರೆ ಇನ್ನೊಂದು, ಗಂಟುಗಂಟಾಗಿದ್ದರೆ ಮತ್ತೊಂದು. ಬೀಟೆ ಮರದ ಹಲಗೆಗೆ ಹತ್ರಿ ಹೊಡೆದಾಗ ಕಾಣುವ ಎಳೆ ನೋಡಿ ಗೊತ್ತಿರುವ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದೇ ಎಲ್ಲಕ್ಕಿಂತ ಚಂದ. ಅಲಗಿನ ಅಂಚಿಗೆ ಸಮವಾಗಿ ಹಾಲಿನ ಕೆನೆಯಂತೆ ಒಂದು ಬಿಳಿ ಮೋಡ ಓಡಿರುತ್ತದೆ. ಅದಕ್ಕೆ ಹಾಮೋನ್ ಎನ್ನುತ್ತಾರೆ. ನೇರವಾಗಿ ನೋಡಿದರೆ ಕಾಣುವುದಿಲ್ಲ. ಗಾಜಿನ ಮುಂದೆ ಮೊಣಕಾಲು ಮಡಿಸಿ, ದೀಪದ ಬೆಳಕು ಅಲಗಿನ ಮೇಲೆ ಓರೆಯಾಗಿ ಬೀಳುವ ಕೋನ ಹುಡುಕಬೇಕು. ಆಗ ಒಮ್ಮೆಲೇ ತೆರೆಯುತ್ತದೆ, ಮಂಜು ಸರಿದು ಗುಡ್ಡದ ಸಾಲು ಕಂಡ ಹಾಗೆ. ಇದು ಚಿತ್ರವಲ್ಲ, ಕೊರೆತವೂ ಅಲ್ಲ, ಹದ ಹಾಕಿದ್ದರ ಗುರುತು. ಕಮ್ಮಾರ ಅಲಗಿಗೆ ಜೇಡಿಮಣ್ಣು, ಇದ್ದಿಲ ಪುಡಿ ಕಲಸಿದ ಲೇಪ ಬಳಿಯುತ್ತಾನೆ: ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಮಣ್ಣು ಒಣಗಿದ ಮೇಲೆ ಕತ್ತಲು ಮಾಡಿದ ಕೋಣೆಯಲ್ಲಿ, ಬೆಂಕಿಯ ಬಣ್ಣ ಮಾತ್ರ ಕಾಣುವಂತೆ, ಏಳುನೂರೈವತ್ತರಿಂದ ಎಂಟುನೂರು ಡಿಗ್ರಿಯವರೆಗೆ ಕಾಯಿಸಿ ನೀರಿಗೆ ಇಳಿಸುತ್ತಾನೆ. ತೆಳು ಲೇಪವಿದ್ದ ಬಾಯಿ ಕ್ಷಣದಲ್ಲಿ ತಣಿದು ಗಾಜಿನಷ್ಟು ಗಡುಸಾಗುತ್ತದೆ. ಮಣ್ಣು ಹೊದ್ದ ಬೆನ್ನು ನಿಧಾನ ತಣಿದು ಮೆತ್ತಗೇ ಉಳಿಯುತ್ತದೆ. ಎರಡರ ಗಡಿಯೇ ಹಾಮೋನ್. ಗಡುಸಾದ ಉಕ್ಕು ಹಿಗ್ಗುವುದರಿಂದ ಕತ್ತಿ ಆ ನೀರಿನಲ್ಲೇ ಬೆನ್ನಿನ ಕಡೆಗೆ ಬಾಗುತ್ತದೆ. ಆ ಪ್ರಸಿದ್ಧ ಬಾಗು ಬಹುಮಟ್ಟಿಗೆ ಸುತ್ತಿಗೆಯದಲ್ಲ, ನೀರಿನದು. ಕೆಲವು ಕತ್ತಿಗಳು ಅದೇ ಗಳಿಗೆಯಲ್ಲಿ ಟಿಕ್ ಎಂದು ಬಿರುಕು ಬಿಟ್ಟು ವಾರಗಳ ದುಡಿಮೆ ನೀರುಪಾಲಾಗುತ್ತದೆ.

ಹಾಮೋನ್‌ನ ಒಂದು ಬಗೆಗೆ ಅವರಿಟ್ಟ ಹೆಸರು ಚೋಜಿ, ಅಂದರೆ ಲವಂಗ. ಅಲೆಯಲೆಯಾಗಿ ಏಳುವ ಬಿಳುಪು ಲವಂಗದ ಮೊಗ್ಗುಗಳ ಸಾಲಿನಂತೆ ಕಾಣುತ್ತದೆಂದು. ತುಕ್ಕು ಹಿಡಿಯದಂತೆ ಅಲಗಿಗೆ ಸವರುವ ಎಣ್ಣೆಗೂ ಅದೇ ಹೆಸರು, ಅದಕ್ಕೆ ಲವಂಗದ ಪರಿಮಳ. ಕಾಫಿ ತೋಟದಂಚಿನ ಲವಂಗದ ಮರದ ಕೆಳಗೆ ನಿಂತು ಇದನ್ನು ನೆನೆದರೆ ಜಪಾನು ಅಷ್ಟೊಂದು ದೂರ ಅನ್ನಿಸುವುದಿಲ್ಲ.

ಆ ಕತ್ತಿಯ ಉಕ್ಕು ಎಲ್ಲಿಂದ? ನದಿ ಗುಡ್ಡಗಳ ಕಪ್ಪು ಮರಳಿನಿಂದ. ಶಿಮಾನೆ ಪ್ರಾಂತ್ಯದ ಒಕುಯಿಝುಮೊದಲ್ಲಿ ತತಾರ ಎಂಬ ಮಣ್ಣಿನ ಕುಲುಮೆ ಕಟ್ಟಿ, ಒಂದು ಸೇರು ಇದ್ದಿಲು ಒಂದು ಸೇರು ಮರಳು ಎಂಬಂತೆ ಮೂರು ಹಗಲು ಮೂರು ರಾತ್ರಿ ಸುರಿಯುತ್ತಾರೆ. ಕೊನೆಗೆ ಕುಲುಮೆಯನ್ನೇ ಒಡೆದು ಒಳಗಿನ ಗಟ್ಟಿಯನ್ನು ಹೊರಗೆಳೆಯುತ್ತಾರೆ. ಅದರಲ್ಲಿ ಆರಿಸಿದ ಒಳ್ಳೆಯ ತುಂಡುಗಳೇ ತಮಹಗಾನೆ. ನಿಂತುಹೋಗಿದ್ದ ಈ ಕೆಲಸವನ್ನು ಅಲ್ಲಿನ ಕತ್ತಿ ಸಂರಕ್ಷಣಾ ಸಂಘ 1977ರಲ್ಲಿ ಮತ್ತೆ ಶುರು ಮಾಡಿತು.

ಆ ಕಪ್ಪು ಮರಳು ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಅಂಟುವ ಅದಿರು. ಕಳಸದಿಂದ ಕುದುರೆಮುಖದ ಕಡೆ ಹೊರಟರೆ ಕಾಲಡಿ ಇರುವುದೂ ಮ್ಯಾಗ್ನೆಟೈಟೇ. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ ಆ ನಿಕ್ಷೇಪವನ್ನು ತೆಗೆಯಲು 1976ರಲ್ಲಿ ಕಂಪನಿ ಹುಟ್ಟಿತು. ಪುಡಿ ಮಾಡಿದ ಅದಿರು ನೀರಿನ ಜೊತೆ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇತ್ತ ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು ಭದ್ರಾವತಿಯ ಕಾರ್ಖಾನೆ ಸೇರುತ್ತಿತ್ತು. 1923ರ ಜನವರಿಯಲ್ಲಿ ಅಲ್ಲಿ ಮೊದಲ ಕಬ್ಬಿಣ ಹರಿದಾಗ ಕುಲುಮೆಯಲ್ಲಿ ಉರಿದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಇದ್ದಿಲು. ಕಾಫಿ ಬೆಳೆಯುವ ಈ ಬೆಟ್ಟಗಳ ಹೊಟ್ಟೆಯೆಲ್ಲ ಕಬ್ಬಿಣ ಎಂಬುದನ್ನು ನಾವು ಮರೆತೇ ಓಡಾಡುತ್ತೇವೆ. ಮುಂಗಾರಿನಲ್ಲಿ ಭದ್ರೆ ಕೆಂಪಗೆ ಹರಿಯುವುದನ್ನು ಕಂಡಾಗಲೂ ನೆನಪಾಗುವುದಿಲ್ಲ.

ಕಪ್ಪು ಮರಳಿನ ಕಬ್ಬಿಣ ಜಪಾನಿಗೆ ಮಾತ್ರ ಸೇರಿದ್ದಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಕಡೆ ಮಳೆಗಾಲದ ಹಳ್ಳಗಳು ಕೊಚ್ಚಿ ತಂದ ಕಪ್ಪು ಮರಳನ್ನು ಕರಗಿಸುವುದನ್ನು ಕಂಡು ಬರೆದಿದ್ದಾನೆ. ಚನ್ನರಾಯನದುರ್ಗದ ಬಳಿ ಉಕ್ಕು ಮಾಡುವುದನ್ನೂ ಕಂಡ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ ತಿದಿ ಒತ್ತುವುದು. ಸೌದೆಯ ಇಂಗಾಲವನ್ನು ಕುಡಿದು ಕಬ್ಬಿಣ ಉಕ್ಕಾಗುತ್ತದೆ. ಇಂಥ ಉಕ್ಕಿನ ಮಾದರಿಗಳು ಅದಕ್ಕೂ ಮುಂಚೆಯೇ ಮುಂಬಯಿಯಿಂದ ಲಂಡನ್ನಿಗೆ ಹೋಗಿ, 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದುವಾಗ ಅದರ ಹೆಸರು ವೂಟ್ಜ್ ಆಗಿತ್ತು. ನಮ್ಮ ‘ಉಕ್ಕು’ ಬಿಳಿಯರ ಬಾಯಿಯಲ್ಲೋ ಬರವಣಿಗೆಯಲ್ಲೋ ಹಾಗೆ ತಿರುಚಿಕೊಂಡಿತೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಇನ್ನು ಮೂರು ದಶಕ ಕಳೆಯುವುದರೊಳಗೆ ಮೈಕೆಲ್ ಫ್ಯಾರಡೆ ಚಾಕು ಕತ್ತರಿ ಮಾಡುವ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಅದರ ಗುಟ್ಟು ಹುಡುಕಲು ಹೆಣಗಿದ. ವಿದ್ಯುತ್ತಿನ ಫ್ಯಾರಡೆಯೇ. ಅವನ ಅಪ್ಪ ಕಮ್ಮಾರ.

ಉಕ್ಕು ಜಪಾನಿಗೂ ಹೋಗಿತ್ತೇ? ಹದಿನೇಳನೇ ಶತಮಾನದ ಆರಂಭದಲ್ಲಿ ಎಚಿಝೆನ್ ಯಾಸುತ್ಸುಗು ಎಂಬ ಕಮ್ಮಾರನಿದ್ದ. ಅವನ ಕೆಲಸ ಮೆಚ್ಚಿ ಆಳುವ ದೊರೆ ತೊಕುಗಾವಾ ಇಯೆಯಾಸು ತನ್ನ ಹೆಸರಿನದೇ ಒಂದು ಅಕ್ಷರ ಕೊಟ್ಟ, ಮನೆತನದ ಲಾಂಛನವನ್ನು ಕತ್ತಿಯ ಮೇಲೆ ಕೊರೆಯಲು ಅಪ್ಪಣೆ ಕೊಟ್ಟ. ಅವನ ಎಷ್ಟೋ ಕತ್ತಿಗಳ ಬಾಲದಲ್ಲಿ ಹೆಸರು, ಊರಿನ ಜೊತೆಗೆ ‘ನಾನ್‌ಬಾನ್ ಕಬ್ಬಿಣದಿಂದ ಮಾಡಿದ್ದು’ ಎಂಬ ಒಕ್ಕಣೆಯೂ ಇದೆ. ನಾನ್‌ಬಾನ್ ಎಂದರೆ ದಕ್ಷಿಣದ ಪರದೇಶಿಗಳು: ಪೋರ್ಚುಗೀಸರು, ಆಮೇಲೆ ಡಚ್ಚರು, ಅವರ ಹಡಗಿನಲ್ಲಿ ಬಂದದ್ದು. ಡಚ್ಚರು ಕೋರಮಂಡಲ ಕರಾವಳಿಯಿಂದ ಕಬ್ಬಿಣ ಉಕ್ಕು ಸಾಗಿಸುತ್ತಿದ್ದದ್ದು ಇತಿಹಾಸ. ನಾನ್‌ಬಾನ್ ಕಬ್ಬಿಣದಲ್ಲಿ ಹಿಂದೂಸ್ಥಾನದ ಉಕ್ಕೂ ಇತ್ತು ಎಂದು ವಾದಿಸುವ ತಜ್ಞರಿದ್ದಾರೆ. ಇದನ್ನು ಹಿಡಿದುಕೊಂಡು ಸಾಮುರಾಯ್ ಕತ್ತಿ ಕನ್ನಡಿಗರದ್ದೆಂದು ಮೊಬೈಲಿನಲ್ಲಿ ಹಂಚುವವರು ಬೇಗ ಹುಟ್ಟಿಕೊಳ್ಳುತ್ತಾರೆ, ದಯವಿಟ್ಟು ಬೇಡ. ನನಗೆ ಹಿಡಿಸಿದ್ದು ಬೇರೆ. ಕಬ್ಬಿಣ ಹೊರಗಿನದು ಎಂದು ಆ ಕಮ್ಮಾರ ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಕೊರೆದ.

ಕೊರೆದದ್ದು ಎಲ್ಲಿ? ಯಾರಿಗೂ ಕಾಣದ ಕಡೆ. ಜಪಾನಿನ ಕತ್ತಿಯ ಬಾಲಕ್ಕೆ ನಕಾಗೋ ಎಂದು ಹೆಸರು, ಅದು ಇರುವುದು ಹಿಡಿಯೊಳಗೆ. ಹಿಡಿಯನ್ನು ಅಲಗಿಗೆ ಸೇರಿಸುವುದು ಒಂದೇ ಒಂದು ಬಿದಿರಿನ ಬೆಣೆ. ಪುಟ್ಟ ಸುತ್ತಿಗೆಯಿಂದ ಬೆಣೆ ತಟ್ಟಿ ತೆಗೆದರೆ ಹಿಡಿ ಬಿಚ್ಚಿ ಬರುತ್ತದೆ, ಕಮ್ಮಾರನ ಹೆಸರು ಕಾಣುತ್ತದೆ. ಮೈಯೆಲ್ಲ ಕನ್ನಡಿಯಂತೆ ಹೊಳೆಯುವ ಕತ್ತಿಯ ಬಾಲ ಮಾತ್ರ ಕಪ್ಪು ತುಕ್ಕು ಹಿಡಿದಿರುತ್ತದೆ. ಅದನ್ನು ಯಾರೂ ಉಜ್ಜುವುದಿಲ್ಲ. ತುಕ್ಕಿನ ಬಣ್ಣ, ಅದು ಎಷ್ಟು ಆಳಕ್ಕಿಳಿದಿದೆ ಎನ್ನುವುದರಿಂದಲೇ ಕತ್ತಿಯ ವಯಸ್ಸು ಅಂದಾಜಿಸುತ್ತಾರೆ. ಅರದ ಗೀರುಗಳು ಯಾವ ಓರೆಯಲ್ಲಿ ಓಡಿವೆ ಎನ್ನುವುದರಿಂದ ಯಾವ ಮನೆತನದ ಕೈ ಎಂದು ತಿಳಿಯುತ್ತಾರೆ. ಆ ತುಕ್ಕು ಉಜ್ಜಿದವನು ಅರ್ಧ ಬೆಲೆ ಉಜ್ಜಿ ಚೆಲ್ಲಿದ ಹಾಗೆ.

ಇದನ್ನು ನಾನು ಮಾವನ ಮನೆಯಲ್ಲಿ ಊಟ ಮಾಡುತ್ತ ವಿವರಿಸಿ, ಕೈ ತೊಳೆದು ಅಂಗಳಕ್ಕೆ ಬಂದು ನೋಡುತ್ತೇನೆ: ಮಾವನ ಮಗ ಉಜ್ಜುಕಾಗದ ಹಿಡಿದು ಕತ್ತಿಯ ಬಾಲವನ್ನು ಬೆಳ್ಳಿ ಚಮಚದ ಹಾಗೆ ಹೊಳೆಯಿಸಿಬಿಟ್ಟಿದ್ದ. ಪಾಪ, ನನಗೆ ಸಹಾಯವಾಗಲಿ ಎಂದು. ಉಜ್ಜಿದ ಜಾಗದಲ್ಲಿ ಉಳಿಯಿಂದ ಹೊಡೆದ ಮೂರು ಕಚ್ಚುಗಳು ಕಾಣುತ್ತಿದ್ದವು. ಮೂರೋ, ನಾಲ್ಕೋ. ನಾಲ್ಕನೆಯದು ಇದ್ದಿದ್ದರೆ ಉಜ್ಜುಕಾಗದದ ಜೊತೆ ಹೋಗಿತ್ತು.

ಮೂಡಿಗೆರೆ ಕಡೆ ಇನ್ನೂ ಕುಲುಮೆ ಇಟ್ಟುಕೊಂಡಿರುವ ಒಬ್ಬ ಹಿರಿಯ ಆಚಾರಿ ಇದ್ದಾರೆ. ಕತ್ತಿ ಹಿಡಿದು ಅಲ್ಲಿಗೆ ಹೋದೆ. ಬರೆಯುವಾಗ ಅವರ ಹೆಸರು ಹಾಕುತ್ತೇನೆ ಎಂದಾಗ, “ಬೇಡ ಮಾರಾಯರೇ, ಈಗ ಬಂದಿರೋ ಕತ್ತಿನೇ ತಟ್ಟಿ ಕೊಡಕ್ಕಾಗ್ತಿಲ್ಲ” ಎಂದು ನಕ್ಕರು. ಮಸಿ ಹಿಡಿದ ಗೋಡೆ, ಒಂದೇ ಕಿಟಕಿ, ಅದಕ್ಕೂ ಅರ್ಧ ತಗಡು. ತಿದಿಯ ಜಾಗದಲ್ಲಿ ಕರೆಂಟಿನ ಬ್ಲೋವರ್ ಬಂದಿದೆ. ಮೂಲೆಯಲ್ಲಿ ಹಳೆಯ ಜೀಪಿನ ಸ್ಪ್ರಿಂಗ್ ಪ್ಲೇಟುಗಳ ರಾಶಿ. ಈಗಿನ ಕತ್ತಿಗಳೆಲ್ಲ ಅದರವೇ. ಸ್ಪ್ರಿಂಗಿನ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿನಷ್ಟಿದ್ದು, ಕತ್ತಿಗೆ ಹೇಳಿ ಮಾಡಿಸಿದಂತಿರುತ್ತದೆ. ಹಳೆ ಕಬ್ಬಿಣದಿಂದ ಹೊಸ ಕತ್ತಿ ಮಾಡುವುದು ಕೀಳು ಕೆಲಸವಲ್ಲ. ಎದೋದ ಮಹಾ ಕಮ್ಮಾರ ಕೊತೆತ್ಸು, ಕವಚ ಮಾಡುತ್ತಿದ್ದವನು ಐವತ್ತರ ಹೊತ್ತಿಗೆ ಕತ್ತಿಗೆ ಇಳಿದವನು, ಮೊದಲು ತನ್ನ ಹೆಸರನ್ನು ಬರೆದುಕೊಂಡದ್ದೇ ‘ಹಳೆ ಕಬ್ಬಿಣ’ ಎಂಬ ಅರ್ಥ ಬರುವ ಅಕ್ಷರಗಳಲ್ಲಿ.

ಆಚಾರಿ ನಮ್ಮ ಕತ್ತಿಯನ್ನು ಮಾತಿಲ್ಲದೆ ಕೈಗೆ ತೆಗೆದುಕೊಂಡು ಅಡಿಗಲ್ಲಿನ ಅಂಚಿಗೆ ಮೆಲ್ಲಗೆ ತಾಗಿಸಿದರು. ಟಣ್ ಎಂದಿತು. ತಲೆ ಆಡಿಸಿದರು. ಬಿರುಕಿದ್ದರೆ ಒಡಕು ಸದ್ದು ಬರುತ್ತಿತ್ತಂತೆ. ಆಮೇಲೆ ಅರ ತೆಗೆದು ಬೆನ್ನಿನ ಮೇಲೆ ಎಳೆದರು, ಕಚ್ಚಿತು. ಬಾಯಿಯ ಮೇಲೆ ಎಳೆದರು, ಹಿಮದ ಮೇಲೆ ಎಂಬಂತೆ ಜಾರಿತು. “ಹದ ಇನ್ನೂ ಇದೆ.” ಆಮೇಲೆ ಒಂದಿಂಚು ಜಾಗ ಮಸೆಗಲ್ಲಿನಲ್ಲಿ ಮಸೆದು, ಮನೆಯೊಳಗಿಂದ ನಿಂಬೆಹೋಳು ತರಿಸಿ ತಿಕ್ಕಿ, ನನ್ನ ಕಡೆ ಹಿಡಿದರು. ಎರಡು ನಿಮಿಷದಲ್ಲಿ ಬಾಯಿಯ ಕಡೆ ಕಪ್ಪಾಯಿತು, ಬೆನ್ನಿನ ಕಡೆ ಬೆಳ್ಳಗೇ ಉಳಿಯಿತು, ನಡುವೆ ಕೂದಲೆಳೆಯ ಗೆರೆ. ಮೆದು ಕಬ್ಬಿಣದ ಹೊಟ್ಟೆ ಸೀಳಿ, ಒಳಗೆ ಉಕ್ಕಿನ ಪಟ್ಟಿ ಇಟ್ಟು, ಕಾಯಿಸಿ ಬೆಸೆದ ಕತ್ತಿ. ಉಕ್ಕು ದುಬಾರಿಯಾಗಿದ್ದ ಕಾಲದ ಕೆಲಸ. ಗಡುಸೂ ಮೆದುವೂ ಒಂದೇ ಅಲಗಿನಲ್ಲಿ ಬೇಕು ಎಂಬ ಅದೇ ಸಮಸ್ಯೆಗೆ ಜಪಾನಿನವನು ಮಣ್ಣು ಬಳಿದದ್ದಲ್ಲದೆ ಎಷ್ಟೋ ಸಲ ಇದನ್ನೇ ತಿರುವುಮುರುವು ಮಾಡಿ ಮೆದು ತಿರುಳಿಗೆ ಗಡುಸು ಉಕ್ಕನ್ನು ಹೊದಿಸಿಯೂ ಇದ್ದಾನೆ.

ಹದ ಹಾಕುವುದನ್ನು ತೋರಿಸಿ ಎಂದು ಕೇಳಿದೆ. ಆಗಷ್ಟೇ ತಟ್ಟಿ ಮುಗಿಸಿದ್ದ ಜೀಪಿನ ಪ್ಲೇಟಿನ ಕತ್ತಿಯೊಂದನ್ನು ಇದ್ದಿಲಿಗೆ ಇಟ್ಟರು. ಹಣ್ಣಾದ ಕಾಫಿಯ ಬಣ್ಣ ಬಂದಾಗ (ಇದು ಅವರದೇ ಮಾತು, ಕುಲುಮೆಯಾಚೆಯ ತೋಟ ಅಷ್ಟು ಹತ್ತಿರ) ಇಕ್ಕಳದಲ್ಲಿ ಹಿಡಿದು ಬಾಯಿಯನ್ನು ಮಾತ್ರ ನೀರಿಗೆ ತಾಗಿಸಿದರು. ಬೆನ್ನಿನಲ್ಲಿ ಇನ್ನೂ ಕೆಂಪು ಇತ್ತು. ತಕ್ಷಣ ತೆಗೆದು ಬಾಯಿಯ ಮೇಲಿನ ಕರಿಯನ್ನು ಕಲ್ಲಿನ ಚೂರಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಸುಮ್ಮನೆ ನೋಡುತ್ತ ಕೂತರು. ಬೆನ್ನಿನ ಬಿಸಿ ನಿಧಾನ ಬಾಯಿಯ ಕಡೆ ಹರಿದು ಬಣ್ಣಗಳು ತೆವಳಿ ಬಂದವು: ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಜೇನು, ಅದರ ಹಿಂದೆ ನೇರಳೆ, ಕಡೆಗೆ ನವಿಲಿನ ಕೊರಳ ನೀಲಿ. ಹಳದಿ ಬಾಯಿ ಮುಟ್ಟಿ ಜೇನಿಗೆ ತಿರುಗುವ ಗಳಿಗೆಯಲ್ಲಿ ಇಡೀ ಕತ್ತಿಯನ್ನು ನೀರಿಗೆ ಬಿಟ್ಟರು. ಹಳದಿಗೇ ನಿಲ್ಲಿಸಿದ್ದರೆ ಗಡುಸು ಹೆಚ್ಚಾಗಿ ಸಿಲ್ವರ್ ಓಕಿನ ಗಂಟಿಗೆ ತಾಗಿದಾಗ ಚಕ್ಕೆ ಏಳುತ್ತದೆ. ನೀಲಿಗೆ ಹೋಗಲು ಬಿಟ್ಟಿದ್ದರೆ ಬಾಯಿ ಮಡಿಚಿಕೊಳ್ಳುತ್ತದೆ. ಒಣಹುಲ್ಲಿನ ಹಳದಿಗೂ ನೀಲಿಗೂ ಇರುವ ಅಂತರ ಎಪ್ಪತ್ತೆಂಬತ್ತು ಡಿಗ್ರಿ. ಉಷ್ಣಮಾಪಕ ಇಲ್ಲ. ಇರುವುದು ಕಣ್ಣು, ಮತ್ತು ಕಿಟಕಿಗೆ ಹೊಡೆದ ಆ ಅರ್ಧ ತಗಡು. ಅದೇಕೆ ಇತ್ತೆಂದು ನನಗೆ ಆಗ ಅರ್ಥವಾಯಿತು.

ಹದ ಎಂಬ ಮಾತನ್ನು ನಾವು ಬೆಲ್ಲದ ಪಾಕಕ್ಕೆ, ಉಪ್ಪಿನಕಾಯಿಗೆ, ಬಿತ್ತನೆಯ ನೆಲಕ್ಕೆ, ಕಾಫಿ ಹುರಿಯುವುದಕ್ಕೆಲ್ಲ ಬಳಸುತ್ತೇವೆ. ಎಲ್ಲ ಕಡೆಯೂ ಅರ್ಥ ಒಂದೇ: ಒಂದು ಗಳಿಗೆ ಮುಂಚೆಯೂ ಅಲ್ಲ, ಒಂದು ಗಳಿಗೆ ತಡವಾಗಿಯೂ ಅಲ್ಲ.

ಬಾಲದ ಕಚ್ಚುಗಳನ್ನು ತೋರಿಸಿದೆ. ಆಚಾರಿ ಹೆಬ್ಬೆರಳಿನಿಂದ ಸವರಿ ಹೇಳಿದರು. ಒಂದೇ ದಿನ ಎಂಟು ಹತ್ತು ಮನೆಯ ಕತ್ತಿ ಬಂದಾಗ ಯಾವುದು ಯಾರದ್ದೆಂದು ಗುರುತಿಗೆ ಅವರ ಅಜ್ಜ ಹೀಗೆ ಕಚ್ಚು ಹಾಕುತ್ತಿದ್ದರಂತೆ. ಒಂದು ಕಚ್ಚು ಆ ಮನೆಗೆ, ಎರಡು ಈ ಮನೆಗೆ. ಅಂದರೆ ಅದು ಮಾಡಿದವನ ಹೆಸರಲ್ಲ, ಮಾಡಿಸಿಕೊಂಡವನ ಲೆಕ್ಕ!

ಇದು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಹೆಸರು ಹಾಕುವ ಅಭ್ಯಾಸ ನಮ್ಮ ಸೀಮೆಯಲ್ಲಿ ಇರಲಿಲ್ಲ ಎನ್ನುವಂತಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹೊಯ್ಸಳರ ಸೊಸೆವೂರು. ಸಳ ಹುಲಿಯನ್ನು ಹೊಯ್ದ ಕಥೆ ಅಲ್ಲಿನ ವಾಸಂತಿಕಾ ದೇವಿಯ ಗುಡಿಯದು. ಬೇಲೂರಿನ ಬಾಗಿಲಲ್ಲಿ ಸಳ ಆ ಮೃಗಕ್ಕೆ ತಿವಿಯುತ್ತಿರುವುದು ಗಿಡ್ಡ ಕತ್ತಿಯಿಂದಲೇ. ಅದೇ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನ ಹೆಸರು ಅರವತ್ತು ವರ್ಷ ದಾಟಿ ಸೋಮನಾಥಪುರದಲ್ಲೂ ಸಿಗುತ್ತದೆ. ಆದರೆ ಅವರ ಉಳಿ ಮಾಡಿಕೊಟ್ಟವರು ಯಾರು? ಬಳಪದ ಕಲ್ಲು ಮೆದುವೇ ಇರಲಿ, ದಿನವೂ ಮೊಂಡಾಗುವ ನೂರಾರು ಉಳಿಗಳನ್ನು ದಿನವೂ ತಟ್ಟಿ ಹದ ಹಾಕದಿದ್ದರೆ ಆ ಮದನಿಕೆಯರ ಮುಂಗುರುಳು ಏಳುತ್ತಿರಲಿಲ್ಲ. ಕುಶಲಕರ್ಮಿಗಳಾದ ಪಂಚಾಳರ ಐದು ಕುಲಗಳನ್ನು ಎಣಿಸುವಾಗ ಕಬ್ಬಿಣದ ಮನುವೇ ಮೊದಲು, ಶಿಲ್ಪಿ ನಾಲ್ಕನೆಯವನು. ಶಾಸನದಲ್ಲಿ ಮಾತ್ರ ನಾಲ್ಕನೆಯವನಿಗೆ ಹೆಸರಿದೆ, ಮೊದಲನೆಯವನಿಗಿಲ್ಲ.

ಜಪಾನಿನಲ್ಲಿ ಕತ್ತಿಗೆ ಹೆಸರು ಹಾಕಲೇಬೇಕೆಂದು 701ರ ತಾಯ್‌ಹೋ ಸಂಹಿತೆ ವಿಧಿಸಿತು. ಮೊದಲಿಗೆ ಅದು ಗೌರವಕ್ಕಲ್ಲ, ಮಾಲು ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ತಿಳಿಯಲಿಕ್ಕೆ ಎಂದು ನನ್ನ ಗುಮಾನಿ. ನಮ್ಮಲ್ಲಿ ಅಂಥ ಅಗತ್ಯವೇ ಇರಲಿಲ್ಲ. ಕತ್ತಿ ಕೈಕೊಟ್ಟರೆ ಕುಲುಮೆ ಪಕ್ಕದ ಊರಿನಲ್ಲೇ ಇತ್ತು, ಬೈಯಲು ಹೆಸರು ಓದಬೇಕಿರಲಿಲ್ಲ. ಜೊತೆಗೆ ಹಿಡಿ. ನಮ್ಮ ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ತೂರಿಸಿ ತುದಿಯನ್ನು ಮಡಿಚಿಬಿಡುತ್ತಾರೆ. ಬಿದಿರಿನ ಬೆಣೆಯಿಲ್ಲ, ಬಿಚ್ಚುವ ಮಾತಿಲ್ಲ. ಹೆಸರು ಕೊರೆದಿದ್ದರೂ ಗೆದ್ದಲು ಬಿಟ್ಟು ಬೇರೆ ಓದುಗರು ಸಿಗುತ್ತಿರಲಿಲ್ಲ.

ಕೊಡಗಿನವರ ಪೀಚೆಕತ್ತಿಯ ಕಡೆ ನೋಡಿದರೂ ಕಥೆ ಅದೇ. ಕೆಂಪು ಚೇಲೆಗೆ ಸಿಕ್ಕಿಸುವ ಆ ಬಾಕುವಿನ ಬೆಳ್ಳಿ ಒರೆ, ಗಿಣಿಮೂತಿಯ ಹಿಡಿ, ಸರಪಣಿಗಳನ್ನು ಜನ ಹೊಗಳುತ್ತಾರೆ. ಅಕ್ಕಸಾಲಿಯ ಕೆಲಸಕ್ಕೆ ಕಣ್ಣು ಹೋಗುತ್ತದೆ, ಒಳಗಿನ ಅಲಗನ್ನು ಎಳೆದು ನೋಡುವವರು ಕ್ವಚಿತ್ತು.

ಹಾಗಾದರೆ ಹೆಸರಿಲ್ಲದ ಕತ್ತಿಯನ್ನು ಓದಲಾಗದೇ? ಇದಕ್ಕೂ ಉತ್ತರ ಜಪಾನಿನಲ್ಲೇ ಇದೆ. ಅಲ್ಲಿನ ಕಮ್ಮಾರರಲ್ಲೆಲ್ಲ ದೊಡ್ಡ ಹೆಸರು ಮಾಸಾಮುನೆಯದು. ಅವನವೆಂದು ಪೂಜಿಸುವ ಕತ್ತಿಗಳಲ್ಲಿ ಬಹುಪಾಲಿಗೆ ಸಹಿಯೇ ಇಲ್ಲ. ಹೋನಾಮಿ ಎಂಬ ಮನೆತನದವರು ತಲೆಮಾರುಗಳಿಂದ ಕತ್ತಿಗೆ ಸಾಣೆ ಹಿಡಿಯುತ್ತ, ಮೈಕಟ್ಟು, ಎಳೆ, ಹಾಮೋನ್ ಮೂರನ್ನೇ ನೋಡಿ ಇದು ಇವನ ಕೈ ಎಂದು ಓಲೆ ಬರೆದುಕೊಡುತ್ತಿದ್ದರು. ಕೈಬರಹದಂತೆ ಕೈಬಡಿತವೂ ಬಚ್ಚಿಡಲಾಗದ್ದು.

ಆಚಾರಿ ಅಂದು ಮಾಡಿದ್ದೂ ಅದನ್ನೇ. ಕತ್ತಿಯನ್ನು ಬೆಳಕಿಗೆ ಅಡ್ಡ ಹಿಡಿದು ಬೆನ್ನನ್ನು ನೋಡುತ್ತ ಹೇಳಿದರು: ಸುತ್ತಿಗೆಯ ಗುರುತು ಎಲ್ಲ ಒಂದೇ ಓರೆಯಲ್ಲಿವೆ, ಹೊಡೆದವನು ಎಡಗೈಯವನು. ಕೊಕ್ಕು ಹೆಚ್ಚು ಬಾಗಿಲ್ಲ, ಇದು ಘಟ್ಟದ ಕೆಳಗಿನ ಕತ್ತಿಯಲ್ಲ, ಮೇಲಿನದು. ಕೆಳಗಿನವರಿಗೆ ತೆಂಗು ಅಡಿಕೆಯ ಕೆಲಸ, ಅವರು ಹೆಚ್ಚು ಬಾಗಿಸುತ್ತಾರೆ. ಬೆನ್ನು ಹಿಡಿಯ ಹತ್ತಿರ ದಪ್ಪ, ನಡುವೆ ಒಮ್ಮೆಲೇ ತೆಳು, ಕೊಕ್ಕಿನ ಹತ್ತಿರ ಮತ್ತೆ ತುಸು ದಪ್ಪ. ಬೀಸಿದಾಗ ಭಾರ ತಾನಾಗಿ ಮುಂದಕ್ಕೆ ಹೋಗಲೆಂದು. ಅಲಗಿನ ಅಗಲ ಈಗ ಎರಡು ಬೆರಳು, ಹುಟ್ಟಿದಾಗ ಮೂರಿದ್ದಿರಬೇಕು. ಮಿಕ್ಕಿದ್ದು ಮಸೆಗಲ್ಲಿಗೆ ಹೋಗಿದೆ, ಎರಡು ತಲೆಮಾರಾದರೂ ದುಡಿದಿದೆ. ನನಗೆ ಕೊನೆಗೆ ಹೇಳಿದ್ದು: “ಇಂಥ ಬೆನ್ನು ನಾನು ಹೊಡೆಯಲಾರೆ.”

ಹಳೆಯ ಕತ್ತಿಗಳು ನಮ್ಮಲ್ಲಿ ಏಕೆ ಉಳಿಯಲಿಲ್ಲ ಎನ್ನುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ. ಮಲೆನಾಡಿನ ಮಳೆ, ಮಸೆಗಲ್ಲು, ಮತ್ತು ಹಳೆಯದನ್ನು ಮುರಿದು ಹೊಸದು ಮಾಡುವ ಕುಲುಮೆ, ಈ ಮೂರೇ ಸಾಕು. ಈಗ ನಾಲ್ಕನೆಯದಾಗಿ ಗುಜರಿಯವನ ತಕ್ಕಡಿ ಬಂದಿದೆ. ಕಳೆ ಹೊಡೆಯಲು ವೀಡ್‌ಕಟರ್, ಮರಗಸಿಗೆ ಚೈನ್‌ಸಾ. ಕಾಫಿ ಗಿಡದ ಕಂಬಚಿಗುರು ತೆಗೆಯಲು ಕಂಪನಿ ಕತ್ತರಿ. ಆಚಾರಿಯ ಮಗ ಬೆಂಗಳೂರಿನಲ್ಲಿ ಫ್ಯಾಬ್ರಿಕೇಶನ್ ಕೆಲಸದಲ್ಲಿದ್ದಾನೆ, ವೆಲ್ಡಿಂಗಿನಲ್ಲಿ ಒಳ್ಳೆಯ ದುಡಿಮೆ. ಜಪಾನಿನಲ್ಲಿ ಕತ್ತಿ ಕಮ್ಮಾರನಾಗಲು ಇವತ್ತಿಗೂ ಐದು ವರ್ಷ ಗುರುವಿನ ಕುಲುಮೆಯಲ್ಲಿ ದುಡಿದು ಸರ್ಕಾರದ ಪರವಾನಗಿ ಪಡೆಯಬೇಕು. ಇಲ್ಲಿ ಕಲಿಯಲು ಬರುವ ಹುಡುಗನೇ ಇಲ್ಲ.

ನಮ್ಮ ಕತ್ತಿಗೆ ಹೊಸ ಹಿಡಿ ಹಾಕಿಸಲಿಲ್ಲ. ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಆಯುಧಪೂಜೆಗೆ ಇಳಿಸುವಾಗ ಉಜ್ಜುಕಾಗದ ಮುಟ್ಟಿಸಬೇಡಿ, ಬಾಲದ ತುಕ್ಕಿಗಂತೂ ಬೇಡವೇ ಬೇಡ. ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಹೊಡೆದವರು ಯಾರೆಂದು ಮನೆಯ ಹಿರಿಯರಿಗೆ ನೆನಪಿದ್ದರೆ, ಅವರ ಹೆಸರು, ಕುಲುಮೆ ಇದ್ದ ಊರು ಒಂದು ಚೀಟಿಯಲ್ಲಿ ಬರೆದು ಅಲಗಿಗೆ ಕಟ್ಟಿಡಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಮಳೆಗಾಲಕ್ಕೆ ನಿಲ್ಲುವುದಿಲ್ಲ.